ಪಾಕ ನೋಡುವ ಹಲ್ಲು

ನಮ್ಮ ಅತ್ತಿಗೆಯ ಎಡಗಡೆಯ ದವಡೆ ಹಲ್ಲಿಗೆ ಸಿಗುತ್ತಿದ್ದ ಮರ್ಯಾದೆ ಆ ಪೆಪ್ಪರಮೆಂಟಿನ ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಅತ್ತಿಗೆಗೂ ಸಿಗುತ್ತಿರಲಿಲ್ಲ. ಕೊಪ್ಪರಿಗೆಯಲ್ಲಿ ಸಕ್ಕರೆ ಕುದ್ದು ಗುಳ್ಳೆ ದಪ್ಪವಾಗುವ ಹೊತ್ತಿಗೆ ಯಜಮಾನರು ತಮ್ಮ ಕೋಣೆಯಿಂದ ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅತ್ತಿಗೆ ಸೌಟಿನ ತುದಿಯಿಂದ ಒಂದು ತೊಟ್ಟು ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಗಟ್ಟಿಯಾದ ಆ ತೊಟ್ಟನ್ನು ತೆಗೆದು ಹಲ್ಲಿನ ಕೆಳಗಿಟ್ಟು ಕಚ್ಚುತ್ತಿದ್ದರು. ಹಲ್ಲಿಗೆ ಮೆತ್ತಿಕೊಂಡರೆ ಪಾಕ ಇನ್ನೂ ಬಂದಿಲ್ಲ. ಕಟ್ ಎಂದು ಒಡೆದರೆ ಬಂತು. ಸ್ವಲ್ಪ ತಡವಾದರೆ ಸಕ್ಕರೆ ಕರಟಿ ಕಹಿಯಾಗುತ್ತದೆ. ಸ್ವಲ್ಪ ಮುಂಚೆ ಇಳಿಸಿದರೆ ಪೆಪ್ಪರಮೆಂಟು ಕಾಗದಕ್ಕೆ ಅಂಟಿಕೊಂಡು, ಅಂಗಡಿಯವರು ಪೆಟ್ಟಿಗೆ ಸಮೇತ ವಾಪಸು ಕಳಿಸುತ್ತಾರೆ. ಹಾಗಾಗಿ ಅತ್ತಿಗೆ "ಬಂತು" ಎನ್ನುವವರೆಗೆ ಅಲ್ಲಿ ಯಾರೂ ಉಸಿರು ಬಿಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬೆಯ ಮೇಲೆ ಒಬ್ಬೆ, ಅಂದರೆ ಕೊಪ್ಪರಿಗೆಯ ಮೇಲೆ ಕೊಪ್ಪರಿಗೆ ಪಾಕ, ಬೇಯುತ್ತಿತ್ತು, ಪ್ರತಿ ಒಬ್ಬೆಗೂ ನಾಲ್ಕಾರು ಸಲ ಕಚ್ಚಬೇಕಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ಆ ಒಂದು ಹಲ್ಲು ನಮ್ಮೆಲ್ಲರ ಅನ್ನ ದುಡಿಯಿತು.

ನಾನು ಕಾಗದ ಸುತ್ತುವ ಮೇಜಿನವಳು. ಗಂಡನ ಮನೆ ನನಗೂ, ನಾನು ಗಂಡನ ಮನೆಗೂ ಒಗ್ಗದೆ ಅಣ್ಣನ ಮನೆಗೆ ಬಂದ ಮೇಲೆ ಅತ್ತಿಗೆಯೇ ಯಜಮಾನರಿಗೆ ಹೇಳಿ ಈ ಕೆಲಸ ಕೊಡಿಸಿದ್ದರು. ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು, ನಡುವೆ ರಾಶಿ ಪೆಪ್ಪರಮೆಂಟು. ಕಾಗದದ ಮಧ್ಯೆ ಒಂದನ್ನಿಟ್ಟು ಎರಡು ತುದಿ ತಿರುಚಿ ಪೆಟ್ಟಿಗೆಗೆ ಎಸೆಯುವುದು, ಮತ್ತೆ ಇನ್ನೊಂದು. ಒಡೆದ ಚೂರುಗಳು ನಮಗೆ. ಅದು ಯಜಮಾನರ ದೊಡ್ಡ ಮನಸ್ಸು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಾವು ತಿನ್ನಲು ಹೊತ್ತು ಸಾಲದೆ ಓಡಿಬಂದ ಹೆಂಗಸರಿಗೆ ಆ ಚೂರೇ ತಿಂಡಿ. ಮಧ್ಯಾಹ್ನದ ಡಬ್ಬಿಯಲ್ಲಿ ಅರ್ಧವೇ ಇದ್ದರೆ ಉಳಿದರ್ಧ ಊಟವೂ ಚೂರೇ. ಕೆನ್ನೆಯೊಳಗೆ ಒಂದನ್ನು ಒತ್ತಿಟ್ಟುಕೊಂಡರೆ ಹಸಿವು ಗೊತ್ತಾಗುವುದಿಲ್ಲ, ತೂಕಡಿಕೆ ಬರುವುದಿಲ್ಲ, ಮಾತು ಮಾತ್ರ ಸ್ವಲ್ಪ ತೊದಲುತ್ತದೆ. ನಮ್ಮ ಮೇಜಿನಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದವರು ಕಡಿಮೆ. ಹೊಸಬರು ಅದನ್ನು ನಾಚಿಕೆ ಅಂದುಕೊಳ್ಳುತ್ತಿದ್ದರು.

ನನ್ನ ಹಲ್ಲು ನೆಟ್ಟಗಿತ್ತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬಾಯಿ ಅಂಟಂಟಾದರೆ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ, ಅದಕ್ಕೆ ಎದ್ದು ಹೋಗಿ ಮುಕ್ಕಳಿಸಿ ಬರುತ್ತಿದ್ದೆ. ಮೇಜಿನವರು ನನಗೆ 'ನಲ್ಲಿಯವಳು' ಎಂದು ಹೆಸರಿಟ್ಟಿದ್ದರು.

"ಬಂದ್ಳಪ್ಪಾ ನಲ್ಲಿಯವಳು. ಊರಿನ ನೀರೆಲ್ಲ ಇವಳೊಬ್ಬಳ ಬಾಯಿಗೇ ಬೇಕು."

"ಉಗುಳೋದರಲ್ಲೇ ಅರ್ಧ ದಿನ ಕಳೀತಾಳೆ, ಮಹಾರಾಣಿ."

ಅನ್ನಲಿ ಬಿಡು ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅತ್ತಿಗೆಗೆ ಎದ್ದು ಹೋಗುವ ಭಾಗ್ಯವಿರಲಿಲ್ಲ. ಕುದಿಯುವ ಪಾಕವನ್ನು ಬಿಟ್ಟು ಕದಲುವಂತಿಲ್ಲ. ನೀರು ಕುಡಿದರೆ ನಡುವೆ ಹೊರಗೆ ಹೋಗಬೇಕಾಗುತ್ತದೆಂದು ಅವರು ನೀರನ್ನೇ ಕುಡಿಯುತ್ತಿರಲಿಲ್ಲ. ಒಲೆಯ ಝಳಕ್ಕೆ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಹತ್ತಿಕೊಂಡಾಗ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ ಅಡುಗೆ, ಪಾತ್ರೆ, ಮಕ್ಕಳ ಬಟ್ಟೆ. ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿಂದು, ಸಕ್ಕರೆ ಸುರಿದ ಚಹಾ ಕುಡಿದು, ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗುತ್ತಿದ್ದರು. ಮಕ್ಕಳನ್ನು ಮಾತ್ರ ಕಿವಿ ಹಿಡಿದು ಎಳೆದುಕೊಂಡು ಹೋಗಿ ಮಲಗುವ ಮುಂಚೆ ಹಲ್ಲುಜ್ಜಿಸುತ್ತಿದ್ದರು. "ನೀವೂ ಉಜ್ಜಿ ಅತ್ತಿಗೆ" ಎಂದರೆ, "ನನ್ನ ಬಾಯಿ ನೋಡೋಕೆ ಯಾರು ಬರ್ತಾರೆ, ಬಿಡು" ಎನ್ನುತ್ತಿದ್ದರು.

ಬೆಳಿಗ್ಗೆ ಉಜ್ಜುವುದನ್ನೂ ಅವರು ಬಿಟ್ಟಿದ್ದರೆಂದು ನನಗೆ ಬಹಳ ತಡವಾಗಿ ತಿಳಿಯಿತು. ಚಿಕ್ಕವನು ಹೊಟ್ಟೆಯಲ್ಲಿದ್ದಾಗ ಬ್ರಷ್ ಹಿಡಿದರೆ ವಸಡಿನಿಂದ ರಕ್ತ ಬರುತ್ತಿತ್ತಂತೆ. ಪಕ್ಕದ ಮನೆಯ ಅಜ್ಜಿ, ರಕ್ತ ಬಂದರೆ ಉಜ್ಜಲೇಬಾರದು, ವಸಡು ಸವೆದುಹೋಗುತ್ತದೆ ಎಂದಿದ್ದರಂತೆ. ಅಂದಿನಿಂದ ಬೆರಳಿನಿಂದ ಒಮ್ಮೆ ಸವರಿ ಉಗುಳುವುದಷ್ಟೇ. ಆ ಮಗು ಹುಟ್ಟಿ, ಬೆಳೆದು, ಶಾಲೆಗೆ ಹೋಗತೊಡಗಿತ್ತು. ಅಜ್ಜಿಯ ಮಾತು ಮಾತ್ರ ಇನ್ನೂ ಚಾಲ್ತಿಯಲ್ಲಿತ್ತು.

ಹಲ್ಲು ನೋವು ಶುರುವಾದದ್ದನ್ನು ಅತ್ತಿಗೆ ಯಾರಿಗೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಲವಂಗದ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದ್ದುದರಿಂದ ನನಗೆ ಅನುಮಾನ ಬಂತು. ಆಮೇಲೆ ಅವರು ಬಲಗಡೆಯೇ ಅಗಿಯುವುದು, ಬಿಸಿ ಚಹಾವನ್ನು ಆರಿಸಿ ಆರಿಸಿ ಕುಡಿಯುವುದು ಕಣ್ಣಿಗೆ ಬಿತ್ತು. ಕೇಳಿದರೆ "ಏನಿಲ್ಲ, ಸ್ವಲ್ಪ ಜುಮ್ ಅನ್ನುತ್ತೆ" ಎಂದರು. ಆ ಜುಮ್ ಎನ್ನುವ ಕಡೆಗೇ ಒಂದು ಪೆಪ್ಪರಮೆಂಟು ಒತ್ತಿಟ್ಟುಕೊಳ್ಳುತ್ತಿದ್ದರು, ತಂಪಾಗುತ್ತದೆಂದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅತ್ತಿಗೆಯ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಅವರು ನಿಮ್ಮ ಸಿಟ್ಟನ್ನೂ ತಟ್ಟೆಯ ಜೊತೆಗೆ ಎತ್ತಿಕೊಂಡು ಹೋಗಿ ತೊಳೆದಿಡುವವರು.

ಒಂದು ದಿನ ಇಡೀ ಒಬ್ಬೆ ಕೈಕೊಟ್ಟಿತು. ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿದ ಪಾಕ ಗಟ್ಟಿಯಾಗದೆ, ಬಿಸಿಲಿಗಿಟ್ಟ ಮೇಣದ ಹಾಗೆ ಮೆತ್ತಗೆ ಬಿದ್ದುಕೊಂಡಿತು. ಕತ್ತರಿಸುವವರ ಕತ್ತರಿಗೆ ಅಂಟಿತು, ನಮ್ಮ ಬೆರಳಿಗೆ ಅಂಟಿತು, ಕಾಗದ ಹರಿಯಿತು. ಯಜಮಾನರು ಕೂಗಾಡಲಿಲ್ಲ. ಅವರು ಕೂಗಾಡುವ ಜಾತಿಯಲ್ಲ, ನಗುವ ಜಾತಿ.

"ಏನಮ್ಮಾ, ನಿಮ್ಮ ಹಲ್ಲಿಗೂ ವಯಸ್ಸಾಯ್ತಾ? ಮೇಜಿನ ಕಡೆ ಒಂದು ಜಾಗ ಖಾಲಿ ಇದೆ ನೋಡಿ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕರು, ಕೈ ಅಡ್ಡ ಹಿಡಿದು.

ಅಂದು ಸಂಜೆ ಹಿತ್ತಿಲಲ್ಲಿ ಬಟ್ಟೆ ಹಿಂಡುವಾಗ ಅವರು ನನ್ನನ್ನು ಹತ್ತಿರ ಕರೆದರು.

"ನಿನ್ನ ದವಡೆ ಹಲ್ಲು ಗಟ್ಟಿ ಇದೆ ಅಲ್ವಾ?"

"ಇದೆ. ಯಾಕೆ?"

"ನಾಳೆಯಿಂದ ಸೌದೆ ನೂಕೋಕೆ ನನಗೆ ಒಬ್ಬರು ಬೇಕು ಅಂತ ಕೇಳ್ತೀನಿ. ನೀನು ಬಾ. ತೊಟ್ಟು ನೀನು ಕಚ್ಚು. ಒಡೆದ್ರೆ ನನ್ನ ಮೊಣಕೈ ಮುಟ್ಟು. 'ಬಂತು' ಅಂತ ನಾನು ಹೇಳ್ತೀನಿ."

"ಹಲ್ಲಿನ ಡಾಕ್ಟರ ಹತ್ರ ಹೋಗೋದು ಬಿಟ್ಟು ಇದೆಂಥ ನಾಟಕ ಅತ್ತಿಗೆ?"

"ಕೀಳ್ತಾರೆ" ಎಂದರು. "ಕಿತ್ತ ಮೇಲೆ ಯಾತರಲ್ಲಿ ನೋಡ್ಲಿ ಪಾಕನ? ಮೇಜಿಗೆ ಕೂತರೆ ಮುಗೀತು, ಏಯ್ ಇವಳೇ, ಏಯ್ ಅವಳೇ. ಅಲ್ಲಿ ಎಷ್ಟು ವರ್ಷ ತಿರುಚಿದ್ದೀನಿ ಅಂತ ನಿನಗೆ ಗೊತ್ತಿಲ್ಲ."

ಗೊತ್ತಿಲ್ಲದೆ ಏನು. ನಾನೂ ಅಲ್ಲೇ ಕೂತವಳು. ಒಲೆಯ ಮುಂದೆ ನಿಂತಾಗ ಅತ್ತಿಗೆಯ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನು ನೋಡಿದ್ದೆ. ಮನೆಯಲ್ಲಿ ಅವರ ಒಂದು ಮಾತಿಗೆ ಯಾರೂ ನಿಲ್ಲುತ್ತಿರಲಿಲ್ಲ, ಅಲ್ಲಿ ಯಜಮಾನರೂ ಸೇರಿ ಎಲ್ಲರೂ ಅವರ ಬಾಯಿಂದ ಒಂದು ಶಬ್ದ ಬರಲೆಂದು ಕಾಯುತ್ತಿದ್ದರು. ಅದನ್ನು ಬಿಟ್ಟುಕೊಡಿ ಎಂದು ನಾನು ಹೇಗೆ ಹೇಳಲಿ? ಒಪ್ಪಿಕೊಂಡೆ.

ನಾಟಕ ಚೆನ್ನಾಗಿಯೇ ನಡೆಯಿತು. ಒಲೆಯ ಹೊಗೆಯ ಮರೆಯಲ್ಲಿ ನಾನು ಕಚ್ಚುವುದು, ಮೊಣಕೈ ಮುಟ್ಟುವುದು, ಅತ್ತಿಗೆ ಒಮ್ಮೆ ಖಾಲಿ ಬಾಯಿ ಆಡಿಸಿ "ಬಂತು" ಎನ್ನುವುದು. ಪೆಪ್ಪರಮೆಂಟು ಗಾಜಿನಂತೆ ಬಂತು. ಯಜಮಾನರು ತಲೆಯಾಡಿಸಿ ಕೋಣೆಗೆ ಹೋಗುತ್ತಿದ್ದರು. ನಾನು ಮಾತ್ರ ನಲ್ಲಿಗೆ ಹೋಗುವಂತಿರಲಿಲ್ಲ, ಸೌದೆ ನೂಕುವವಳು ಬೆಂಕಿ ಬಿಟ್ಟು ಹೋದರೆ ಒಬ್ಬೆ ಕೆಡುತ್ತದೆ. ಬಾಯಿ ಅಂಟಿದ್ದು ಅಂಟಿದ ಹಾಗೇ ಇರುತ್ತಿತ್ತು. ಸಂಜೆ ನಡೆದು ಮನೆಗೆ ಬರುವಷ್ಟರಲ್ಲಿ ಇಬ್ಬರಿಗೂ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ತಣ್ಣೀರು ಬಾಯಿಗೆ ಹಾಕಿದಾಗ ನನ್ನ ಎಡಗಡೆಯ ಹಲ್ಲು ಜುಮ್ ಎಂದಿತು. ನಾನು ನೀರನ್ನು ಉಗುಳಿ, ಚೊಂಬು ಹಿಡಿದುಕೊಂಡು ಅಲ್ಲೇ ಕುಳಿತೆ. ಹೆದರಿಕೆಯಾಯಿತು.

ಅದೇ ಹೊತ್ತಿಗೆ ಅತ್ತಿಗೆಯ ಕೆನ್ನೆ ಊದತೊಡಗಿತು, ಆದರೂ ಒಲೆಯ ಮುಂದೆ ನಿಲ್ಲುವುದನ್ನು ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಕೆಳಗಿನವರೆಗೆ ಬಾತುಕೊಂಡು ಬಾಯಿ ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅಣ್ಣ ನೋಡಿ, "ಏನೋ ಹುಳ ಕಚ್ಚಿರಬೇಕು" ಎಂದು ಕೆಲಸಕ್ಕೆ ಹೋದ. ನಾನು ಅತ್ತಿಗೆಯ ಕೈ ಹಿಡಿದು ಹೆಚ್ಚುಕಮ್ಮಿ ಎಳೆದುಕೊಂಡೇ ಹಲ್ಲಿನ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚಿನ ತುಂಬ ಹೆಂಗಸರು. ಹೆಚ್ಚಿನವರು ಮಕ್ಕಳನ್ನು ತೋರಿಸಲು ಬಂದವರು. ತಮ್ಮ ಬಾಯಿ ತೋರಿಸಲು ಬಂದವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ನಮ್ಮ ಹಾಗೆ ತಡೆಯಲಾಗದ ಮೇಲೆ ಬಂದವರು. ಡಾಕ್ಟರಮ್ಮನಿಗೂ ದಣಿವಾಗಿತ್ತು. ದೀಪ ಬಗ್ಗಿಸಿ ಅತ್ತಿಗೆಯ ಬಾಯೊಳಗೆ ನೋಡಿ ಕೇಳಿದರು:

"ಮಧ್ಯಾಹ್ನ ಏನು ತಿಂತೀರಿ?"

ಅತ್ತಿಗೆ ನನ್ನ ಮುಖ ನೋಡಿದರು. "ಚೂರು" ಎಂದೆ ನಾನು. ಏನು ಚೂರು ಎಂದು ಬಿಡಿಸಿ ಹೇಳಬೇಕಾಯಿತು. ಪಾಕ ಕಚ್ಚುವುದನ್ನೂ ಹೇಳಿದೆ, ನೀರು ಕುಡಿಯದ್ದನ್ನೂ, ರಕ್ತ ಬರುತ್ತದೆಂದು ಬ್ರಷ್ ಬಿಟ್ಟದ್ದನ್ನೂ. ಹೇಳುತ್ತಾ ಹೋದಂತೆ ನಮ್ಮ ಮನೆಯ ಮರ್ಯಾದೆಯನ್ನು ಬೀದಿಗೆ ಹರವಿದಂತೆ ಅನ್ನಿಸಿತು.

"ರಕ್ತ ಬರೋದು ವಸಡಿನಲ್ಲಿ ಕೊಳೆ ಕೂತಿದೆ ಅಂತ" ಎಂದರು ಡಾಕ್ಟರಮ್ಮ. "ಬಸುರಿ ಇದ್ದಾಗ ಅದು ಇನ್ನೂ ಜಾಸ್ತಿ ಆಗುತ್ತೆ. ಮೆತ್ತಗಿನ ಬ್ರಷ್‌ನಲ್ಲಿ ದಿನಾ ಉಜ್ಜಿದ್ರೆ ನಿಲ್ತಿತ್ತು. ನೀವು ಬಿಟ್ಟುಬಿಟ್ರಿ. ಜೊತೆಗೆ ದಿನವಿಡೀ ಸಕ್ಕರೆ. ಒಂದೇ ಸಲ ತಿಂದು ಬಾಯಿ ತೊಳೆದ್ರೆ ಹಲ್ಲು ಹೇಗೋ ಸುಧಾರಿಸಿಕೊಳ್ಳುತ್ತೆ. ಗಂಟೆಗೊಂದು ಸಲ ಬಾಯಲ್ಲಿಟ್ಟುಕೊಂಡರೆ ಅದಕ್ಕೆ ಪುರಸೊತ್ತೇ ಸಿಗಲ್ಲ. ನೀರೂ ಇಲ್ಲ, ಎಂಜಲೂ ಒಣಗಿದೆ. ಈ ಹಲ್ಲು ಉಳಿಯಲ್ಲ. ಬಾವು ಇಳಿಯಲಿ, ಕೀಳೋಣ. ಇನ್ನೂ ಮೂರು ಹುಳುಕಾಗಿವೆ, ಅವನ್ನ ಈಗಲಾದ್ರೂ ಉಳಿಸಿಕೊಳ್ಳಬಹುದು."

ಅತ್ತಿಗೆ ತೆರೆಯಲಾಗದ ಬಾಯಲ್ಲೇ ಹೇಳಿದರು: "ಆ ಮೂರನ್ನ ಬೇಕಾದ್ರೆ ಕೀಳಿ. ಇದೊಂದು ಬೇಡ."

ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ನನ್ನತ್ತ ತಿರುಗಿದರು. "ಪಾಕದ ಬಿಸಿ ನೋಡೋಕೆ ಥರ್ಮಾಮೀಟರ್ ಬರುತ್ತಲ್ಲಮ್ಮ. ನಿಮ್ಮಲ್ಲಿ ಇಲ್ವಾ?"

ನಾನು ಅಂಥದ್ದನ್ನು ಕೇಳಿಯೇ ಇರಲಿಲ್ಲ. ಅತ್ತಿಗೆ ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನ ಅತ್ತಿಗೆಯನ್ನು ಮನೆಯಲ್ಲಿ ಮಲಗಿಸಿ ನಾನೊಬ್ಬಳೇ ಕಾರ್ಖಾನೆಗೆ ಹೋದೆ. ಯಜಮಾನರು ಕೊಪ್ಪರಿಗೆಯ ಮುಂದೆ ನಿಂತಿದ್ದರು.

"ಅವರ ಕೆನ್ನೆ ಊದಿ ವಾರ ಆಯ್ತು. ಬಾಯೇ ತೆರೆಯದವರು ಪಾಕ ಹೇಗೆ ಕಚ್ಚಿದ್ರು ಅಂತ ನನಗೂ ಯೋಚನೆ ಬಂತು" ಎಂದು ನಕ್ಕರು. "ಕಚ್ಚಿದ್ದು ನೀನು. ಸರಿ, ಇನ್ಮೇಲೆ ನೀನೇ ನಿಲ್ಲು. ಹಲ್ಲು ಚೆನ್ನಾಗಿದೆ."

ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಹಾಗೆ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. "ಥರ್ಮಾಮೀಟರ್ ತರಿಸಿ, ನಿಲ್ತೀನಿ. ಹಲ್ಲಿನಲ್ಲಾದ್ರೆ ನಾನು ನಿಲ್ಲಲ್ಲ" ಎಂದುಬಿಟ್ಟೆ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಸಾಕಾಗಿತ್ತು.

"ತರಿಸೋದು ಏನು? ಈ ಕೊಪ್ಪರಿಗೆ ಜೊತೆಗೇ ಬಂದಿತ್ತು. ನಿಮ್ಮ ಅತ್ತಿಗೇನೇ ಬೇಡ ಅಂದ್ರು. ಅದು ಸುಳ್ಳು ತೋರಿಸುತ್ತೆ, ನನ್ನ ಹಲ್ಲು ಸುಳ್ಳು ಹೇಳಲ್ಲ ಅಂದ್ರು. ನನಗೇನು, ಕೆಲಸ ಆದ್ರೆ ಸಾಕು." ಒಳಗಿನ ಕಪಾಟಿನಿಂದ ಹಿತ್ತಾಳೆ ಕಟ್ಟು ಹಾಕಿದ ಉದ್ದನೆಯ ಗಾಜಿನ ಕೊಳವೆಯೊಂದನ್ನು ತಂದು ಕೊಪ್ಪರಿಗೆಯ ಅಂಚಿಗೆ ಸಿಕ್ಕಿಸಿದರು. ಪಾಕ ಬರುವ ಜಾಗದಲ್ಲಿ ಕೆಂಪು ಗೆರೆ ಇತ್ತು. ಆ ದಿನದ ಒಬ್ಬೆಗಳೆಲ್ಲ ಒಂದೇ ಸಮ ಬಂದವು.

ಮನೆಗೆ ಬಂದು ಹೇಳಿದಾಗ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಯಾಕೆ ಬೇಡ ಅಂದಿರಿ ಅತ್ತಿಗೆ?"

"ಆ ಕಡ್ಡಿ ಇದ್ರೆ ನಾನ್ಯಾಕೆ ಅವರಿಗೆ?" ಎಂದರು. ಆಮೇಲೆ, "ನನ್ನ ಹಲ್ಲು ಉಳಿಸ್ತೀನಿ ಅಂತ ಹೋಗಿ, ನನ್ನನ್ನೇ ಕಿತ್ತುಹಾಕಿ ಬಂದೆಯಲ್ಲ" ಎಂದರು. ಅತ್ತುಬಿಟ್ಟೆ. ಅವರು ತಿರುಗಿ ನೋಡಲಿಲ್ಲ.

ಬಾವು ಇಳಿದ ಮೇಲೆ ಹಲ್ಲು ಕಿತ್ತರು. ನಾನು ಜೊತೆಗೆ ಹೋಗಿದ್ದೆ, ಅತ್ತಿಗೆ ಬೇಡವೆನ್ನಲಿಲ್ಲ. ಕಿತ್ತ ಹಲ್ಲು ಬಟ್ಟಲಿನಲ್ಲಿ ಬಿದ್ದಿತ್ತು, ನಡುವೆ ಕಪ್ಪು ತೂತು, ಒಂದು ಬದಿ ಪೂರ್ತಿ ಸವೆದಿತ್ತು. ಅತ್ತಿಗೆ ಅದನ್ನು ಒಂದು ಸಲ ನೋಡಿ, ಹತ್ತಿ ಕಚ್ಚಿಕೊಂಡು ಎದ್ದು ನಡೆದರು.

ಕೆಲಸಕ್ಕೆ ವಾಪಸು ಬಂದ ಅತ್ತಿಗೆ, ಯಾರೂ ಹೇಳುವ ಮುಂಚೆಯೇ ಮೇಜಿನಲ್ಲಿ ನನ್ನ ಖಾಲಿ ಜಾಗಕ್ಕೆ ಹೋಗಿ ಕುಳಿತರು. ಮೇಜಿನವರು ಏನೂ ಆಗಿಲ್ಲವೆನ್ನುವಂತೆ ಸರಿದು ಜಾಗ ಕೊಟ್ಟರು. ಅತ್ತಿಗೆಯ ಬೆರಳುಗಳಿಗೆ ತಿರುಚುವ ಅಭ್ಯಾಸ ತಪ್ಪಿರಲಿಲ್ಲ. ಚೂರಿನ ತಟ್ಟೆ ಬಂದಾಗ ಪಕ್ಕಕ್ಕೆ ತಳ್ಳುತ್ತಿದ್ದರು. ಮನೆಯಲ್ಲಿ ಮಾತಿಗೆ ಮಾತು, ಅಷ್ಟೇ. ಅನ್ನ ಬಡಿಸಲಾ, ಬಡಿಸಿ. ಮಕ್ಕಳು ಮಲಗಿದವಾ, ಮಲಗಿದವು. ಸಂಜೆಯಾದರೆ ಬಚ್ಚಲಲ್ಲಿ ಅವರು ಹೊಸ ಬ್ರಷ್ ಹಿಡಿದು, ಉಗುಳಿದ ನೀರಿನಲ್ಲಿ ಕೆಂಪು ಕಂಡು ನಿಲ್ಲುವುದು, ಮತ್ತೆ ಮೆಲ್ಲಗೆ ಉಜ್ಜುವುದು ನನಗೆ ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಒಳಗೆ ಹೋಗಿ ಜೊತೆಗೆ ನಿಲ್ಲಬೇಕೆನ್ನಿಸುತ್ತಿತ್ತು. ನಿಂತರೆ ಅವರು ಹೊರಗೆ ಬಂದುಬಿಡುತ್ತಾರೇನೋ ಎಂದು ಸುಮ್ಮನಾಗುತ್ತಿದ್ದೆ. ಒಂದೇ ಮನೆಯಲ್ಲಿ, ಒಂದೇ ಶೆಡ್ಡಿನಲ್ಲಿ, ಇಡೀ ದಿನ ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಬದುಕುವುದು ಸೌದೆ ನೂಕುವುದಕ್ಕಿಂತ ಆಯಾಸ.

ಒಂದು ಮಧ್ಯಾಹ್ನ ಯಜಮಾನರು ಹೊಸ ಸಕ್ಕರೆ ತರಿಸಿದ್ದರು. ಗುಳ್ಳೆ ಏಳುವ ರೀತಿಯೇ ಬೇರೆಯಿತ್ತು, ಬಣ್ಣ ಬೇಗ ತಿರುಗುತ್ತಿತ್ತು. ಥರ್ಮಾಮೀಟರು ಕೆಂಪು ಗೆರೆ ಮುಟ್ಟಿತು. ಅದೊಂದನ್ನೇ ನಂಬಿ ಇಳಿಸಲು ನನಗೆ ಧೈರ್ಯ ಸಾಲಲಿಲ್ಲ. ಒಂದು ಒಬ್ಬೆ ಕೆಟ್ಟರೆ ಯಜಮಾನರು ನಗುತ್ತಾ ನನ್ನನ್ನೂ ಮೇಜಿಗೆ ಕಳಿಸುತ್ತಾರೆ, ಕಡ್ಡಿಯನ್ನು ಕಪಾಟಿಗೆ ಕಳಿಸುತ್ತಾರೆ, ಇನ್ನೊಬ್ಬಳನ್ನು ಹಲ್ಲು ನೋಡಿ ತಂದು ನಿಲ್ಲಿಸುತ್ತಾರೆ. ಗಡಿಬಿಡಿಯಲ್ಲಿ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ತೆಗೆದು, ಬಾಯಿಯ ಹತ್ತಿರ ತಂದೆ.

"ಬಾಯಿಗೆ ಹಾಕ್ಬೇಡ!"

ಶೆಡ್ಡಿನ ಆ ಕೊನೆಯಿಂದ ಕೂಗು ಬಂತು. ಮೇಜಿನ ಕೈಗಳೆಲ್ಲ ನಿಂತವು. ಅತ್ತಿಗೆಯ ಗಂಟಲಿನಿಂದ ಅಷ್ಟು ದೊಡ್ಡ ಧ್ವನಿ ಬಂದದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಯಜಮಾನರೂ ಕೋಣೆಯಿಂದ ಹೊರಗೆ ಬಂದರು. ಅತ್ತಿಗೆ ಎದ್ದು, ಬೆಂಚು ದಾಟಿ, ಸರಸರ ನಡೆದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ತೊಟ್ಟನ್ನು ನನ್ನ ಬೆರಳಿನಿಂದ ಕಿತ್ತು, ಎರಡು ಹೆಬ್ಬೆರಳ ಉಗುರುಗಳ ನಡುವೆ ಒತ್ತಿ ಮುರಿದರು. ಕಟ್ ಎಂದು ಒಡೆಯಿತು.

"ಬಂತು. ಇಳಿಸು."

"ಉಗುರಲ್ಲೂ ಗೊತ್ತಾಗುತ್ತಾ ಅತ್ತಿಗೆ?" ಎಂದೆ, ನನಗೆ ಬೇರೇನೂ ತೋಚದೆ.

"ಗೊತ್ತಾಗುತ್ತೆ ಅಂತ ಈಗ ಗೊತ್ತಾಯ್ತು." ಅವರು ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. "ಇಷ್ಟು ವರ್ಷ ಇಲ್ಲಿ ನಿಂತು ಕಚ್ಚಿದೆ. ಇಷ್ಟು ಜನ ಸುತ್ತ ನಿಂತು ನೋಡಿದ್ರು. ಬಾಯಿಗೆ ಹಾಕ್ಬೇಡ ಅಂತ ನನಗೆ ಒಬ್ರೂ ಕೂಗ್ಲಿಲ್ಲ ನೋಡು."

ಯಜಮಾನರು ನಗಲಿಲ್ಲ. ನಾನು ಪಾಕ ಇಳಿಸಿದೆ, ಅತ್ತಿಗೆ ಇನ್ನೊಂದು ಹಿಡಿಕೆಗೆ ಕೈ ಕೊಟ್ಟರು, ಇಬ್ಬರೂ ಸೇರಿ ಕಲ್ಲಿನ ಮೇಲೆ ಸುರಿದೆವು. ಆಮೇಲೆ ಅವರು ಮೂಲೆಯ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ನಿಧಾನವಾಗಿ ಪೂರ್ತಿ ಕುಡಿದು, ಮೇಜಿಗೆ ವಾಪಸು ಹೋಗಿ ಕಾಗದ ತಿರುಚಲು ಕುಳಿತರು.